ಅಗಸಿ ಎಣ್ಣೆಯ ಕೆನೆಯ ಮೇಲೆ ಮನುಷ್ಯನ ಮೈ

(ಧಾರವಾಡದಲ್ಲಿ ಚಿತ್ರಕಲಾ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಕೈಯಲ್ಲಿ ತೋರಿಸಿದ್ದನ್ನು ಇಲ್ಲಿ ಬರೆದೇ ಹೇಳಬೇಕಾದ್ದರಿಂದ ಅಲ್ಲಲ್ಲಿ ಸ್ವಲ್ಪ ಬೆಳೆದಿದೆ.)

ಮೊದಲು ಒಂದು ಸಣ್ಣ ಕೆಲಸ. ಈ ತುಂಡನ್ನು ಕೈಯಿಂದ ಕೈಗೆ ದಾಟಿಸಿ. ಅಂಗೈ ಅಗಲ ಇದೆ, ಬಣ್ಣ ಬೂದು ಬೆರೆತ ಕಂದು. ಬಗ್ಗಿಸಿ ನೋಡಿ, ಉಗುರಿನಿಂದ ಒತ್ತಿ ನೋಡಿ, ಮೂಸಿ ನೋಡಿ. ನಾಚಿಕೆ ಬೇಡ.

(ಎರಡನೇ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹಿರಿಯ ಹೆಣ್ಣುಮಗಳು ಮೂಗಿಗೆ ಹಿಡಿದವರೇ "ಅಗಸಿ ಎಣ್ಣಿ!" ಅಂದುಬಿಟ್ಟರು. ನಾನು ಹತ್ತು ನಿಮಿಷ ಕಟ್ಟಿಕೊಂಡು ಬಂದಿದ್ದ ಪೀಠಿಕೆ ಅಲ್ಲಿಗೇ ಮುಗಿಯಿತು.)

ಸರಿಯಾಗಿ ಹೇಳಿದಿರಿ ಅಮ್ಮಾ. ಅಗಸಿ ಚಟ್ನಿ ತಿಂದು ಬೆಳೆದವರಿಗೆ ಈ ವಾಸನೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಈ ತುಂಡು ಲಿನೋಲಿಯಂ, ಆ ಹೆಸರಿನಲ್ಲೇ ಅಗಸಿ ಇದೆ. ಲ್ಯಾಟಿನ್ನಿನಲ್ಲಿ ಲೀನಮ್ ಅಂದರೆ ಅಗಸಿ, ಓಲಿಯಮ್ ಅಂದರೆ ಎಣ್ಣೆ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಎಂಬಾತ ಬಣ್ಣದ ಡಬ್ಬಿಯೊಂದರ ಬಾಯಲ್ಲಿ ಅಗಸಿ ಎಣ್ಣೆ ಗಾಳಿಗೆ ಒಣಗಿ ಕೆನೆ ಕಟ್ಟಿದ್ದನ್ನು ಕಂಡ. ಎಳೆದರೆ ರಬ್ಬರಿನ ಹಾಗೆ ಬರುವ ಕೆನೆ. ಹಾಲಿನ ಕೆನೆಯನ್ನು ನಾವು ಬೆರಳಿನಿಂದ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತೇವೆ. ಅವನು ಇದನ್ನು ಎತ್ತಿ ವ್ಯಾಪಾರ ಮಾಡಿದ. ಆ ಕೆನೆಗೆ ಕಾರ್ಕ್ ಮರದ ಪುಡಿ, ರಾಳ ಬೆರೆಸಿ, ಹಿಂಬದಿಗೆ ಗೋಣಿಬಟ್ಟೆ ಕೊಟ್ಟು 1863ರಲ್ಲಿ ಪೇಟೆಂಟ್ ಪಡೆದ. ಉದ್ದೇಶ ಒಂದೇ, ಮನೆಯ ನೆಲಕ್ಕೆ ಹಾಸುವುದು. ನಾವು ಅದನ್ನೇ ಉಳಿಯಿಂದ ಕೆತ್ತಿ, ಇಂಕು ಹಚ್ಚಿ, ಕಾಗದಕ್ಕೆ ಅಚ್ಚು ಒತ್ತುತ್ತೇವೆ. ನಮ್ಮ ಬಾಯಲ್ಲಿ ಅದು ಲಿನೋ, ಅದರಿಂದ ಬಂದ ಚಿತ್ರ ಲಿನೋಕಟ್.

ಅಂದರೆ ನಾವು ಮೈ ಕೆತ್ತುತ್ತಿರುವುದು ಒಂದು ಚರ್ಮದ ಮೇಲೆಯೇ. ಎಣ್ಣೆಯ ಚರ್ಮ. ಇದು ನನ್ನ ತಲೆಗೆ ಹೊಳೆದದ್ದು ಇಪ್ಪತ್ತು ವರ್ಷ ಕೆತ್ತಿದ ಮೇಲೆ, ಅದೂ ಒಂದು ದಿನ ಇಂಕಿನ ಡಬ್ಬಿ ಮುಚ್ಚಲು ಮರೆತು ಬೆಳಿಗ್ಗೆ ಕೆನೆ ಎತ್ತುತ್ತಿದ್ದಾಗ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಲಾಲೋಕದಲ್ಲಿ ಲಿನೋಗೆ ಬಹಳ ಕಾಲ ಮರ್ಯಾದೆ ಇರಲಿಲ್ಲ. ವಿಯೆನ್ನಾದಲ್ಲಿ ಫ್ರಾಂಜ್ ಚಿಜೆಕ್ ಮಕ್ಕಳಿಗೆ ಇದನ್ನು ಕಲಿಸಿದ. ಅಗ್ಗ, ಮೆತ್ತಗೆ, ಬೇಗ ಕೈಗೆ ಬರುತ್ತದೆ. ಹಾಗಾಗಿ ಶಾಲೆಯ ಸಾಮಾನು ಎಂಬ ಹಣೆಪಟ್ಟಿ ಅಂಟಿಕೊಂಡಿತು. ನಮ್ಮಲ್ಲಿ ಈಗಲೂ ಎಚಿಂಗ್, ಅಂದರೆ ಲೋಹದ ತಗಡನ್ನು ಆಮ್ಲದಿಂದ ಕೊರೆದು ಅಚ್ಚು, ಮಾಡುವವರು ಲಿನೋ ಮಾಡುವವರನ್ನು ನೋಡುವ ನೋಟದಲ್ಲಿ ಆ ಹಣೆಪಟ್ಟಿ ಸ್ವಲ್ಪ ಉಳಿದಿದೆ. ಇರಲಿ ಬಿಡಿ.

ಮರದ ಅಚ್ಚಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮರಕ್ಕೆ ಎಳೆ ಇದೆ. ಎಳೆಯ ಗುಂಟ ಉಳಿ ಸಲೀಸಾಗಿ ಹೋಗುತ್ತದೆ, ಅಡ್ಡ ಹೋದರೆ ಸೀಳುತ್ತದೆ. ಹೀಗಾಗಿ ಮರದಲ್ಲಿ ಕೆತ್ತಿದ ಮುಖದಲ್ಲಿ ಮರವೂ ಅಷ್ಟಿಷ್ಟು ಮಾತಾಡುತ್ತದೆ. ಲಿನೋದಲ್ಲಿ ಎಳೆ ಇಲ್ಲ. ಎತ್ತ ತಳ್ಳಿದರೂ ಉಳಿ ಹೋಗುತ್ತದೆ. ಇದು ಸುಖ ಅಂತ ಮೊದಲ ವರ್ಷ ಅನಿಸುತ್ತದೆ. ಎರಡನೇ ವರ್ಷ ಗೊತ್ತಾಗುತ್ತದೆ, ತಪ್ಪು ಹೊರಿಸುವುದಕ್ಕೆ ಈಗ ಮರವೂ ಇಲ್ಲ.

ಇನ್ನೂ ದೊಡ್ಡ ಕಷ್ಟ ಬೇರೆ ಇದೆ. ಕೆತ್ತದ ಲಿನೋಗೆ ಇಂಕು ಹಚ್ಚಿ ಒತ್ತಿದರೆ ಕಾಗದ ಪೂರ್ತಿ ಕಪ್ಪು. ಮೊದಲ ಗೀರು ಹಾಕಿದಿರಿ, ಅಲ್ಲಿ ಬಿಳಿ ಬಂತು. ಪೆನ್ಸಿಲ್ ಹಿಡಿದವರಿಗೆ ನೆರಳು ಹಾಕಿ ಅಭ್ಯಾಸ. ಇಲ್ಲಿ ನೆರಳು ಮೊದಲೇ ಇದೆ, ನಾವು ಹಾಕಬೇಕಾದ್ದು ಬೆಳಕು. ಕರೆಂಟು ಹೋದ ಮನೆಯಲ್ಲಿ ಯಾರದೋ ಮುಖದ ಮೇಲೆ ಬ್ಯಾಟರಿ ಬಿಟ್ಟ ಹಾಗೆ, ಮೂಗಿನ ತುದಿ ಮೊದಲು ಕಾಣುತ್ತದೆ, ಆಮೇಲೆ ಕೆನ್ನೆಯ ಎಲುಬು, ಆಮೇಲೆ ಹುಬ್ಬು. ನಡುವಿನ ಬಣ್ಣ ಎಂಬುದಿಲ್ಲ. ಆದರೆ ಮನುಷ್ಯನ ಚರ್ಮ ಪೂರ್ತಿ ನಡುವಿನ ಬಣ್ಣವೇ! ಗೋಧಿ, ಎಣ್ಣೆಗಪ್ಪು, ತಾಮ್ರ. ಕಪ್ಪು ಮತ್ತು ಬಿಳಿ ಎರಡೇ ಇಟ್ಟುಕೊಂಡು ಆ ಚರ್ಮವನ್ನು ಹೇಗೆ ಹೇಳುವುದು? ನನ್ನ ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಒಂದು ದಾರಿ, ಚರ್ಮವನ್ನು ಹೇಳುವುದೇ ಬೇಡ ಎನ್ನುವುದು. ನಿಮಗೆಲ್ಲ ಗೊತ್ತಿರುವ ಚಿತ್ರ ಇದು. ಬಂಗಾಳದ ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ಮಾಡಿದ ಲಿನೋಕಟ್ 'ಬಾಪೂಜಿ'. ಉಪ್ಪಿನ ಸತ್ಯಾಗ್ರಹಕ್ಕೆ ಕೋಲು ಊರಿಕೊಂಡು ನಡೆಯುತ್ತಿರುವ ಗಾಂಧಿ. ಸರಕಾರಿ ಕಚೇರಿಯ ಗೋಡೆಯಿಂದ ಶಾಲೆಯ ಪುಸ್ತಕದವರೆಗೆ ಎಷ್ಟು ಸಲ ನೋಡಿದ್ದೇವೆಂದರೆ ಈಗ ನೋಡುವುದೇ ಬಿಟ್ಟಿದ್ದೇವೆ. ಒಂದು ನಿಮಿಷ ನೋಡೋಣ. ಹಿನ್ನೆಲೆಯ ಕಪ್ಪು, ಮೈಯ ಕಪ್ಪು ಒಂದೇ. ನಡುವೆ ಹರಿದಿರುವುದು ಬಿಳಿ ಗೆರೆ ಮಾತ್ರ. ಸ್ನಾಯು ಇಲ್ಲ, ನೆರಳು ಇಲ್ಲ, ಚರ್ಮದ ಹೊಳಪಿಲ್ಲ. ಆದರೂ ಅರವತ್ತು ವರ್ಷದ ಒಂದು ಮೈಯ ತೂಕ ಯಾವ ಕಾಲಿನ ಮೇಲೆ ಬಿದ್ದಿದೆ ಎಂದು ಕಣ್ಣಿಗೆ ತಿಳಿಯುತ್ತದೆ. ಹಗಲಿನ ಬಿಸಿಲಲ್ಲಿ ಸಮುದ್ರದ ಕಡೆ ನಡೆದವನನ್ನು ಬೋಸ್ ಕಗ್ಗತ್ತಲೆಯಲ್ಲಿ ನಡೆಸಿದರು. ಇದನ್ನು ಸಾಂಕೇತಿಕ ಎಂದು ಬರೆಯುವವರು ಬರೆಯಲಿ. ನನಗೆ ಅನಿಸುವುದು, ಕೈಯಲ್ಲಿದ್ದ ವಸ್ತು ಕಪ್ಪಾಗಿತ್ತು, ಆತ ಅದಕ್ಕೆ ಜಗ್ಗಾಡದೆ ಒಪ್ಪಿಕೊಂಡರು. ಸಬರಮತಿಯಿಂದ ಹೊರಟಾಗ ಗಾಂಧಿಯ ಜೊತೆ 78 ಜನ ಇದ್ದರು, ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವರೂ ಅವರಲ್ಲಿ ಒಬ್ಬರು. ಅಚ್ಚಿನಲ್ಲಿ ಅವರ್ಯಾರೂ ಇಲ್ಲ. ಆದರೆ ಆ ಕಪ್ಪನ್ನು ನೋಡುವಾಗೆಲ್ಲ ಅವರೂ ಅದರೊಳಗೇ ನಡೆಯುತ್ತಿದ್ದಾರೆ ಎಂದುಕೊಳ್ಳುವುದು ನನ್ನ ಚಾಳಿ.

ಎರಡನೇ ದಾರಿ ಗೀರಿನದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನ್ನ ಇಡೀ ಕಲಿಕೆ ಇಲ್ಲೇ ಆದದ್ದು.

ನಾನು ಓದುವಾಗ ನಮ್ಮ ಕ್ಲಾಸಿಗೆ ಮಾಡೆಲ್ ಆಗಿ ಒಬ್ಬ ಅಜ್ಜ ಬರುತ್ತಿದ್ದರು. ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿ ಮುಗಿಸಿದ ಮೈ. ಅಂಗಿ ಬಿಚ್ಚಿ, ನಮಗೆ ಬೆನ್ನು ಮಾಡಿ ಕೂತರೆ ಒಂದು ತಾಸು ಅಲುಗುತ್ತಿರಲಿಲ್ಲ. ಚೀಲ ಹೊತ್ತು ಹೊತ್ತು ಒಂದು ಹೆಗಲು ಇನ್ನೊಂದಕ್ಕಿಂತ ಇಳಿದಿತ್ತು. ನಾನು ಆ ಬೆನ್ನನ್ನು ಲಿನೋ ಮೇಲೆ ಬರೆದುಕೊಂಡು, ಬೆಳಕು ಬಿದ್ದ ಕಡೆಯೆಲ್ಲ ಅಡ್ಡಡ್ಡ ಗೀರು ಹಾಕಿದೆ. ಒಂದೇ ಅಳತೆ, ಒಂದೇ ದಿಕ್ಕು. ಬಹಳ ಅಚ್ಚುಕಟ್ಟು ಎಂದು ಒಳಗೊಳಗೇ ಖುಷಿ. ಪ್ರಿಂಟ್ ತೆಗೆದಾಗ ನಮ್ಮ ಸರ್ ಬಂದು ನೋಡಿದರು. "ಅಜ್ಜನ್ನ ಕೂಡಿಸಿದ್ರ ನೀ ಜೀಬ್ರಾ ಮಾಡೀಯಲ್ಲೋ" ಅಂದರು. ಆಮೇಲೆ ಅವರು ಹೇಳಿದ್ದನ್ನು ನಾನು ಇವತ್ತಿಗೂ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ: "ನಾಳೆ ಜಳಕ ಮಾಡೋವಾಗ ತಂಬಿಗಿ ನೀರು ಹೆಗಲ ಮ್ಯಾಲೆ ಸುರುವಿಕೊ. ಅದು ಎಲ್ಲೆಲ್ಲಿ ಹರೀತದ, ಎಲ್ಲಿ ನಿಲ್ತದ ನೋಡು. ಉಳಿ ಹಂಗ ಹೋಗಬೇಕು."

ನನ್ನ ಬೆನ್ನು ನನಗೆ ಕಾಣುವುದಿಲ್ಲವಲ್ಲ, ಹಾಗಾಗಿ ತಮ್ಮನನ್ನು ಬಚ್ಚಲಲ್ಲಿ ನಿಲ್ಲಿಸಿ ನೀರು ಹಾಕಿದೆ. ಅವನು ಇವತ್ತಿಗೂ ಅದನ್ನು ಹೇಳಿ ನಗುತ್ತಾನೆ. ಹೆಗಲ ಮೇಲೆ ಬಿದ್ದ ನೀರು ನೇರ ಇಳಿಯುವುದಿಲ್ಲ. ಬೆನ್ನಿನ ರೆಕ್ಕೆಯ ಎಲುಬು ತಡೆಯುತ್ತದೆ, ಸುತ್ತು ಹಾಕುತ್ತದೆ. ನಡುಬೆನ್ನಿನ ಕಾಲುವೆಗೆ ಬಂದು ಎರಡೂ ಕಡೆಯ ನೀರು ಸೇರುತ್ತದೆ. ಸೊಂಟದ ಹತ್ತಿರ ಮತ್ತೆ ಕವಲೊಡೆಯುತ್ತದೆ. ಮರುದಿನ ಅದೇ ಅಜ್ಜನ ಬೆನ್ನನ್ನು ಹೊಸ ತುಂಡಿನಲ್ಲಿ ಕೆತ್ತಿದೆ. ಹೆಗಲ ಮೇಲೆ ಯು ಆಕಾರದ ಬಾಯಿಯ ಅಗಲ ಉಳಿ, ರೆಕ್ಕೆಯ ಅಂಚಿಗೆ ವಿ ಆಕಾರದ ಸಣ್ಣ ಉಳಿ, ನಡುಬೆನ್ನಿನ ಕಾಲುವೆಯನ್ನು ಮುಟ್ಟಲೇ ಇಲ್ಲ, ಕಪ್ಪಾಗಿಯೇ ಬಿಟ್ಟೆ. ಮೊದಲ ಸಲ ಕಾಗದದ ಮೇಲೆ ಒಂದು ಬೆನ್ನು ಉಬ್ಬಿ ಬಂತು. ಕಪ್ಪು ಬಿಳಿ ಎರಡೇ, ಆದರೂ ಅಜ್ಜನ ಮೈಬಣ್ಣ ಅದೇ ಎಂದು ನೋಡಿದವರೆಲ್ಲ ಒಪ್ಪಿದರು. ಗೀರಿನ ಒತ್ತಾಟ, ಅಗಲ, ದಿಕ್ಕು ಸೇರಿ ಕಣ್ಣಿಗೆ ನಡುವಿನ ಬಣ್ಣದ ಭ್ರಮೆ ಕೊಡುತ್ತವೆ. ಲಿನೋದಲ್ಲಿ ಚರ್ಮ ಎಂದರೆ ದಿಕ್ಕು.

ಈ ದಾರಿಯ ದೊಡ್ಡ ಹೆಸರು ನನ್ನ ಮಟ್ಟಿಗೆ ಎಲಿಜಬೆತ್ ಕ್ಯಾಟ್ಲೆಟ್. ಅಮೆರಿಕದ ಕಪ್ಪು ಕಲಾವಿದೆ, ಹುಟ್ಟಿದ್ದು 1915ರಲ್ಲಿ ವಾಷಿಂಗ್ಟನ್ನಿನಲ್ಲಿ. 1946ರಲ್ಲಿ ಮೆಕ್ಸಿಕೋಗೆ ಹೋಗಿ, ಜನರಿಗಾಗಿ ಅಗ್ಗದ ಅಚ್ಚುಗಳನ್ನು ಮಾಡುತ್ತಿದ್ದ ತಾಯೆರ್ ದೆ ಗ್ರಾಫಿಕಾ ಪೊಪುಲಾರ್ ಎಂಬ ಕಾರ್ಯಾಗಾರ ಸೇರಿದಳು, ಕೊನೆಗೆ ಅಲ್ಲಿಯವಳೇ ಆದಳು. 1952ರ 'ಶೇರ್‌ಕ್ರಾಪರ್' ಅವಳ ಲಿನೋಕಟ್. ಕೋರು ಹೊಲ ಮಾಡುವ ಹೆಂಗಸು, ಅಗಲ ಅಂಚಿನ ಹುಲ್ಲುಟೋಪಿ. ನಾವು ಅವಳನ್ನು ಸ್ವಲ್ಪ ಕೆಳಗಿನಿಂದ ನೋಡುತ್ತೇವೆ, ಹೊಲದಲ್ಲಿ ಕೂತ ಮಗು ನಿಂತ ತಾಯಿಯನ್ನು ನೋಡಿದ ಹಾಗೆ. ಮುಖದ ಮೇಲೆ ಸಣ್ಣ ಸಣ್ಣ ಗೀರುಗಳು, ಕೆನ್ನೆಯ ಎಲುಬನ್ನು ಬಳಸಿ, ಕತ್ತಿನ ನರಗಳ ಗುಂಟ ಇಳಿಯುತ್ತವೆ. ಕಪ್ಪು ಚರ್ಮದ ಮೇಲೆ ಬಿಸಿಲು ಹೊಳೆಯುವುದು ಹೀಗೆಯೇ. ಲಿನೋದ ಕಪ್ಪು ಇಲ್ಲಿ ಕತ್ತಲಲ್ಲ, ಅವಳ ಮೈಬಣ್ಣ.

ಇನ್ನು ಅವಳ ಕುಪ್ಪಸದ ಹತ್ತಿರ ನೋಡಿ. ಗುಂಡಿ ಇಲ್ಲ. ಒಂದು ಸೇಫ್ಟಿ ಪಿನ್ನು! ಆ ಪಿನ್ನನ್ನು ಕೆತ್ತಬೇಕಾದರೆ ಅದರ ತಂತಿಯ ಎರಡೂ ಬದಿ ಎಷ್ಟು ಜಾಗ್ರತೆಯಿಂದ ಉಳಿ ಓಡಬೇಕು ಎಂದು ಲಿನೋ ಕೆತ್ತಿದವರಿಗೆ ಗೊತ್ತು, ಕೈ ತಪ್ಪಿದರೆ ಬಟ್ಟೆ ಬಿಚ್ಚಿಹೋಯಿತು. ಬಳೆಗೋ ತಾಳಿಗೋ ಪಿನ್ನು ಸಿಕ್ಕಿಸಿಕೊಂಡು ಓಡಾಡಿದ ನಮ್ಮ ಅವ್ವ, ಅತ್ತಿಯರನ್ನು ಕಂಡವರಿಗೆ ಆ ಹೆಂಗಸು ಯಾವ ದೇಶದವಳು ಎಂದು ಕೇಳಬೇಕೆನಿಸುವುದಿಲ್ಲ.

ಕ್ಯಾಟ್ಲೆಟ್ ಹುಟ್ಟಿದ ವರ್ಷವೇ ಬಂಗಾಳದಲ್ಲಿ ಚಿತ್ತಪ್ರಸಾದ ಹುಟ್ಟಿದರು. 1943ರ ಬಂಗಾಳದ ಬರಗಾಲದಲ್ಲಿ ಊರೂರು ಅಲೆದು ಹಸಿದ ಮೈಗಳನ್ನು ಇಂಕಿನಲ್ಲಿ ಬರೆದವರು, ಆ ಚಿತ್ರಗಳ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಸರಕಾರ ಸುಟ್ಟಿತು. ಮುಂದೆ ಮುಂಬೈಯಲ್ಲಿ ನೆಲೆಸಿ ದುಡಿಯುವ ಮಕ್ಕಳ ಮೇಲೆ ಲಿನೋಕಟ್ ಸರಣಿ ಮಾಡಿದರು. ಇಬ್ಬರಿಗೂ ಲಿನೋ ಒಲಿಯಲು ಕಾರಣ ಒಂದೇ ಎಂದು ನನ್ನ ಊಹೆ. ಒಂದು ತುಂಡಿನಿಂದ ನೂರು ಪ್ರತಿ ಬರುತ್ತದೆ, ಯಾರ ಮೈಯನ್ನು ಕೆತ್ತಿದೆವೋ ಅವರ ಮನೆಗೂ ಒಂದು ಪ್ರತಿ ಹೋಗಬಹುದು.

ಕಡಿಮೆ ಬೆಲೆಯ ಈ ಕನಸು ಲಂಡನ್ನಿನಲ್ಲೂ ಇತ್ತು. 1920ರ ದಶಕದ ಕೊನೆಯಲ್ಲಿ ಗ್ರೋವ್‌ನರ್ ಸ್ಕೂಲಿನಲ್ಲಿ ಲಿನೋ ಕಲಿಸುತ್ತಿದ್ದ ಕ್ಲಾಡ್ ಫ್ಲೈಟ್, ಒಂದು ಲಿನೋಕಟ್ಟು ಸಿನಿಮಾ ಟಿಕೆಟ್ಟಿನ ಬೆಲೆಗೆ ಸಿಗಬೇಕು ಎನ್ನುತ್ತಿದ್ದ. ಮುರಿದ ಛತ್ರಿಯ ಕಡ್ಡಿಯಿಂದ ಉಳಿ ಮಾಡಿಕೊಳ್ಳಲು ಹೇಳಿಕೊಡುತ್ತಿದ್ದ. ಅವನ ಶಿಷ್ಯರಾದ ಸಿರಿಲ್ ಪವರ್, ಸಿಬಿಲ್ ಆಂಡ್ರೂಸ್ ಓಟದ, ದೋಣಿ ಹುಟ್ಟು ಹಾಕುವ ಮೈಗಳನ್ನು ಹಲವು ಬಣ್ಣದಲ್ಲಿ ತಂದರು. ಚೆಂದ ಇವೆ. ಆದರೆ ಅಲ್ಲಿ ಮೈಗಿಂತ ವೇಗವೇ ಮುಂದೆ ನಿಲ್ಲುತ್ತದೆ, ಬೆವರಿನ ವಾಸನೆ ಬರುವುದಿಲ್ಲ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಆಮೇಲೆ ಬನ್ನಿ.

ಪಿಕಾಸೋ ಬಗ್ಗೆ ಒಂದೇ ಮಾತು. ದಕ್ಷಿಣ ಫ್ರಾನ್ಸಿನ ವಲೋರಿಸ್ಸಿನಲ್ಲಿ ಅರ್ನೇರಾ ಎಂಬ ಮುದ್ರಕನ ಜೊತೆ ಸೇರಿ 1958ರಲ್ಲಿ ಒಂದು ಹೆಣ್ಣಿನ ಮುಖವನ್ನು ಬಣ್ಣಕ್ಕೊಂದು ತುಂಡಿನಂತೆ ಮುದ್ರಿಸಿದ. ಒಂದರ ಮೇಲೊಂದು ಸರಿಯಾಗಿ ಕೂರಿಸುವ ಹೊತ್ತಿಗೆ ಸಾಕಾಯಿತು. ಮುಂದೆ ಒಂದೇ ತುಂಡನ್ನು ಹಿಡಿದ. ತಿಳಿ ಬಣ್ಣ ಮುದ್ರಿಸು, ಇನ್ನಷ್ಟು ಕೆತ್ತು, ಗಾಢ ಬಣ್ಣ ಮುದ್ರಿಸು, ಮತ್ತೆ ಕೆತ್ತು. ಹಿಂದಕ್ಕೆ ಹೋಗುವ ದಾರಿ ಇಲ್ಲ, ಕೆಲಸ ಮುಗಿಯುವಾಗ ತುಂಡೂ ಮುಗಿದಿರುತ್ತದೆ. ಸ್ಟುಡಿಯೋಗಳಲ್ಲಿ ಇದಕ್ಕೆ ಸೂಸೈಡ್ ಪ್ರಿಂಟ್ ಅಂತಲೇ ಹೆಸರು.

ಇತ್ತೀಚಿನ ಕಾಲಕ್ಕೆ ಬರೋಣ. ಲಿನೋ ಮತ್ತು ಮನುಷ್ಯನ ಮೈ ಎರಡನ್ನೂ ಒಟ್ಟಿಗೆ ಕಲಿಯಬೇಕೆಂದರೆ ನಾನು ತೋರಿಸುವುದು ದಕ್ಷಿಣ ಆಫ್ರಿಕಾವನ್ನು. ವರ್ಣಭೇದದ ಕಾಲದಲ್ಲಿ ಕಪ್ಪು ಕಲಾವಿದರಿಗೆ ದೊಡ್ಡ ಕಲಾಶಾಲೆಗಳ ಬಾಗಿಲು ಮುಚ್ಚಿತ್ತು. 1962ರಲ್ಲಿ ಸ್ವೀಡನ್ನಿನ ಗೊವೇನಿಯಸ್ ದಂಪತಿ ಶುರು ಮಾಡಿ, ಮುಂದೆ ರೋರ್ಕ್ಸ್ ಡ್ರಿಫ್ಟ್‌ನಲ್ಲಿ ನೆಲೆಯೂರಿದ ಕೇಂದ್ರದಲ್ಲಿ ಲಿನೋ ಕಲಿಸಿದರು. ಪ್ರೆಸ್ ಇಲ್ಲದಿದ್ದರೂ ಚಮಚದಿಂದ ಉಜ್ಜಿ ಪ್ರಿಂಟ್ ತೆಗೆಯಬಹುದಾದ ಕಲೆ. ಅಜಾರಿಯಾ ಮ್ಬಾತಾ, ಜಾನ್ ಮುವಾಫಂಗೆಜೊ ಅಲ್ಲಿಂದ ಬಂದರು. ಮುವಾಫಂಗೆಜೊ ಚಿತ್ರದೊಳಗೇ ಮಾತುಗಳನ್ನೂ ಕೆತ್ತುತ್ತಿದ್ದ, ಮನುಷ್ಯರು ಮತ್ತು ಅಕ್ಷರಗಳು ಒಂದೇ ಉಳಿಯಿಂದ ಹುಟ್ಟಿದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. 1991ರಲ್ಲಿ ಕಿಮ್ ಬರ್ಮನ್ ಮತ್ತು ನ್ಹ್ಲಾನ್ಹ್ಲಾ ಕ್ಸಾಬಾ ಜೊಹಾನ್ಸ್‌ಬರ್ಗಿನಲ್ಲಿ ಆರ್ಟಿಸ್ಟ್ ಪ್ರೂಫ್ ಸ್ಟುಡಿಯೋ ಕಟ್ಟಿದರು. 2003ರಲ್ಲಿ ಅದಕ್ಕೆ ಬೆಂಕಿ ಬಿದ್ದು ಕ್ಸಾಬಾ ತೀರಿಕೊಂಡರು. ಸ್ಟುಡಿಯೋ ಮತ್ತೆ ಎದ್ದಿತು.

ಅದೇ ಊರಿನ ವಿಲಿಯಂ ಕೆಂಟ್ರಿಜ್ 2000ದಲ್ಲಿ 'ವಾಕಿಂಗ್ ಮ್ಯಾನ್' ಮಾಡಿದ. ಎತ್ತರ ಸುಮಾರು ಎಂಟು ಅಡಿ. ಈ ಬಾಗಿಲು ನೋಡಿ, ಅದಕ್ಕಿಂತ ಒಂದಡಿ ಹೆಚ್ಚು. ದಾಪುಗಾಲು ಹಾಕುತ್ತಿರುವ ಮನುಷ್ಯ, ಕಾಲು ಮನುಷ್ಯನದೇ, ಮೇಲೆ ಹೋಗುತ್ತಾ ಹೋಗುತ್ತಾ ಕೊಂಬೆರೆಂಬೆಯಾಗಿ ಮರವಾಗುತ್ತಾನೆ. ನಂದಲಾಲರ ಗಾಂಧಿಯೂ ನಡೆಯುತ್ತಾರೆ, ಇವನೂ ನಡೆಯುತ್ತಾನೆ. ಗಾಂಧಿಗೆ ಹೋಗುವ ಜಾಗ ಗೊತ್ತು. ಇವನು ಊರು ಬಿಡುತ್ತಿದ್ದಾನೋ ಬೇರು ಬಿಡುತ್ತಿದ್ದಾನೋ ಹೇಳಲಾಗದು.

ಅಳತೆ ದೊಡ್ಡದಾದರೆ ಏನಾಗುತ್ತದೆ? ಕೆತ್ತುವವನ ಮೈಯೂ ಕೆಲಸಕ್ಕೆ ಬರುತ್ತದೆ. ಸಣ್ಣ ತುಂಡಿನಲ್ಲಿ ಗುಂಡಗೆ ಕೆತ್ತಬೇಕಾದರೆ ಉಳಿ ತಿರುಗಿಸಬಾರದು, ಲಿನೋ ತಿರುಗಿಸಬೇಕು. ರೊಟ್ಟಿ ಬಡಿಯುವುದನ್ನು ನೋಡಿ, ಕೈ ಇದ್ದಲ್ಲೇ ಇರುತ್ತದೆ, ರೊಟ್ಟಿ ಸುತ್ತುತ್ತದೆ. ಎಂಟು ಅಡಿಯ ಹಾಳೆಯನ್ನು ಹಾಗೆ ಸುತ್ತಿಸಲಾಗುತ್ತದೆಯೇ? ಕೆತ್ತುವವನೇ ಮಂಡಿಯೂರಿ ಅದರ ಸುತ್ತ ಹರಿದಾಡಬೇಕು. ನಾನು ಒಮ್ಮೆ ಆರಡಿಯ ಒಂದು ಮೈ ಕೆತ್ತಿದೆ. ತಿಂಗಳಾದ ಮೇಲೆ ಹೆಗಲು ಹಿಡಿದುಕೊಂಡು, ಲೋಟ ಎತ್ತಲು ಎಡಗೈ ಬೇಕಾಯಿತು. ಆ ಎಡಗೈ ತೋರುಬೆರಳಿನ ಬುಡದಲ್ಲಿ ಈ ಗಾಯದ ಗುರುತು ಇದೆ ನೋಡಿ, ಅರ್ಧ ಇಂಚು. ಉಳಿಯ ಮುಂದೆ ಇನ್ನೊಂದು ಕೈ ಇರಕೂಡದು ಎಂದು ಸರ್ ನೂರು ಸಲ ಹೇಳಿದ್ದರು. ಚಳಿಗಾಲದ ಬೆಳಿಗ್ಗೆ, ಲಿನೋ ಗಟ್ಟಿಯಾಗಿತ್ತು, ಬಿಸಿಲಿಗಿಡಲು ತಾಳ್ಮೆ ಇರಲಿಲ್ಲ, ಜೋರಾಗಿ ತಳ್ಳಿದೆ. ವಿದ್ಯಾರ್ಥಿಗಳೇ, ಹತ್ತು ನಿಮಿಷ ಬಿಸಿಲಿಗಿಡಿ. ಬೆಣ್ಣೆಯಾಗುತ್ತದೆ.

ಕಿವಿಯೂ ಬೇಕು. ರೋಲರಿನಿಂದ ಇಂಕು ಎಳೆಯುವಾಗ ಸಣ್ಣಗೆ ಸಿರ್ ಸಿರ್ ಎಂದರೆ ಅಳತೆ ಸರಿ. ಪಚ್ ಪಚ್ ಎಂದರೆ ಇಂಕು ಹೆಚ್ಚಾಯಿತು, ಕಣ್ಣಿನ ಅಂಚು, ಬೆರಳ ಸಂದಿಯ ಸಣ್ಣ ಗೀರುಗಳೆಲ್ಲ ತುಂಬಿಕೊಂಡು ಮೈ ಊದಿಕೊಳ್ಳುತ್ತದೆ.

ಇನ್ನೊಬ್ಬಳು, ನ್ಯೂಯಾರ್ಕಿನ ಬೀದಿಯಲ್ಲಿ ಕೆಲಸ ಶುರು ಮಾಡಿದ ಕ್ಯಾಲಿಡೋನಿಯಾ ಕರ್ರಿ, ಸ್ವೂನ್ ಎಂಬ ಹೆಸರಿನಿಂದ ಪ್ರಸಿದ್ಧಿ. ಆಳೆತ್ತರದ ಮನುಷ್ಯರನ್ನು ಮರದಲ್ಲೂ ಲಿನೋದಲ್ಲೂ ಕೆತ್ತಿ, ತೆಳು ಕಾಗದಕ್ಕೆ ಮುದ್ರಿಸಿ, ಹಿಟ್ಟಿನ ಗೋಂದಿನಿಂದ ಗೋಡೆಗೆ ಅಂಟಿಸುತ್ತಾಳೆ. ನಮ್ಮ ಸಿನಿಮಾ ಪೋಸ್ಟರ್ ಅಂಟಿಸುವ ಮೈದಾ ಗೋಂದಿನ ತಂಗಿ ಅದು. ಮಳೆಗೆ ನೆನೆದು, ಬಿಸಿಲಿಗೆ ಬಿರಿದು, ಅಂಚು ಕಿತ್ತು ಆ ಮೈಗಳು ಗೋಡೆಯ ಮೇಲೇ ಹಳತಾಗುತ್ತವೆ. ಚೌಕಟ್ಟಿನ ಗಾಜಿನೊಳಗೆ ಕೂತ ಪ್ರಿಂಟಿಗೆ ಆ ಭಾಗ್ಯ ಇಲ್ಲ.

(ಇಲ್ಲಿ ಒಬ್ಬ ವಿದ್ಯಾರ್ಥಿನಿ ಕೈ ಎತ್ತಿ, "ಸರ್, ಎಲ್ಲಾ ಮುದುಕರನ್ನೇ ತೋರಿಸಿದಿರಿ, ಎಳೇ ಮುಖ ಆಗೋದಿಲ್ಲೇನು?" ಎಂದು ಕೇಳಿದಳು. ಒಳ್ಳೆಯ ಏಟು.)

ಆಗುತ್ತದೆ, ಕಷ್ಟ. ಸುಕ್ಕು ಉಳಿಗೆ ದಾರಿ ತೋರಿಸುತ್ತದೆ, ಎಳೆ ಕೆನ್ನೆ ತೋರಿಸುವುದಿಲ್ಲ. ಕೆನ್ನೆಯನ್ನು ಪೂರ್ತಿ ತೆಗೆದು ಬಿಳಿ ಬಿಡಿ. ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ, ಎರಡು ತುಟಿ ಸೇರುವ ಗೆರೆ, ಇಷ್ಟನ್ನೇ ಉಳಿಸಿ. ನನ್ನ ಅಕ್ಕನ ಮಗಳು ಹತ್ತು ವರ್ಷದವಳಿದ್ದಾಗ ಕೆತ್ತಿದೆ. ಬಾಯಿಯ ಪಕ್ಕ ಒಂದು ಗೆರೆ ಉಳಿಸಿದ್ದು ಹೆಚ್ಚಾಯಿತು, ಪ್ರಿಂಟಿನಲ್ಲಿ ನಲವತ್ತರ ಟೀಚರಮ್ಮ ಬಂದರು.

ಕೊನೆಗೆ ಕನ್ನಡಿಯ ವಿಷಯ. ಅಚ್ಚು ಎಂದರೆ ತಿರುವು ಮುರುವು. ಬಲಗೈ ಎಡಗೈ ಆಗುತ್ತದೆ. ಅಕ್ಷರ ಕೆತ್ತುವುದಾದರೆ ಹಿಂದುಮುಂದಾಗಿ ಕೆತ್ತಬೇಕು. ನಮ್ಮ ಗುಂಡಗಿನ ಕನ್ನಡ ಅಕ್ಷರಗಳು ಯು ಉಳಿಗೆ ಹೇಳಿ ಮಾಡಿಸಿದ ಹಾಗಿವೆ, ಆದರೆ ತಿರುವಿ ಬರೆಯುವಾಗ 'ಶ'ದ ಹತ್ತಿರ ನಾನು ಪ್ರತಿ ಸಲ ತಡವರಿಸುತ್ತೇನೆ.

ನಮ್ಮ ಅವ್ವನನ್ನು ಎದುರು ಕೂಡಿಸಿಕೊಂಡು, ಕಂಡ ಹಾಗೆ ನೇರ ಲಿನೋ ಮೇಲೆ ಬರೆದು ಕೆತ್ತಿದ್ದೆ. ಅವಳ ಎಡಗೆನ್ನೆಯ ಮೇಲೆ ಒಂದು ಮಚ್ಚೆ. ಪ್ರಿಂಟಿನಲ್ಲಿ ಅದು ಇನ್ನೊಂದು ಕಡೆ ಹೋಗಿ ಕೂತಿತು. ಬೈತಲೆಯ ಓರೆ ತಿರುಗಿತು, ಮೂಗುತಿಯೂ ಮೂಗಿನ ಆಚೆ ಬದಿಗೆ ಹೋಯಿತು. ತಿರುವಿ ಬರೆದುಕೊಳ್ಳಬೇಕಿತ್ತು, ಮರೆತಿದ್ದೆ. ಮೂರು ವಾರದ ಕೆಲಸ ಹಾಳಾಯಿತು ಎಂದು ಬೇಜಾರಿನಲ್ಲೇ ಅವಳ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. "ತಮ್ಮಾ, ಹೆಂಗ ತಂದಿಯೋ ಇದನ್ನ" ಅಂದಳು. "ಇಕಿನ್ನ ನಾ ದಿನಾ ನೋಡ್ತೀನಿ, ಕುಂಕುಮ ಹಚ್ಚಿಕೊಳ್ಳೋವಾಗ."

ಫೋಟೋದಲ್ಲಿ ಯಾವತ್ತೂ ತನ್ನನ್ನು ಒಪ್ಪದವಳು, ಇದರಲ್ಲಿ ಒಪ್ಪಿದಳು. ನನಗೆ ಆಗ ಹೊಳೆಯಿತು, ಅವಳಿಗೆ ಗೊತ್ತಿದ್ದ ಅವಳ ಮುಖ ಕನ್ನಡಿಯದೇ ಅಲ್ಲವೇ.

ಇನ್ನೊಂದು ಪ್ರತಿ ತೆಗೆಸಿಕೊಂಡು ತಂಗಿಯ ಮನೆಗೆ ಹೊತ್ತುಕೊಂಡು ಹೋದಳು. ನಾನೂ ಜೊತೆಗಿದ್ದೆ. ಐವತ್ತು ವರ್ಷ ಅಕ್ಕನನ್ನು ಎದುರಿನಿಂದ ನೋಡಿದ ಚಿಕ್ಕವ್ವ ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು, ಆ ಕಡೆ ಈ ಕಡೆ ವಾಲಿಸಿ ನೋಡಿ, "ಭಾಳ ಚೊಲೋ ಮಾಡೀ ಬಿಡಪ್ಪಾ" ಅಂದರು. ಆಮೇಲೆ ಅವ್ವನ ಕಡೆ ತಿರುಗಿ ಕೇಳಿದರು: "ಯಾರs ಇಕಿ?"